ಸರಿಹೋಗಿದೆ, ಯಾಕೆಂದು ಕೇಳಬೇಡಿ

ಗಿಟಾರಿನ ವಾಲ್ವ್ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವವರು ಪದೇ ಪದೇ ಕೇಳಿಸಿಕೊಳ್ಳುವ ಮಾತೊಂದಿದೆ: ‘ನೋಡಿ ಸರ್, ನಿಮ್ಮ ಹತ್ರ ತಂದ ಕೂಡ್ಲೇ ಸರಿಯಾಗಿಬಿಡ್ತು!’ ಹೇಳುವವರು ಅದನ್ನು ಹೊಗಳಿಕೆಯೆಂದೇ ಹೇಳುತ್ತಾರೆ. ಹಿಂದಿನ ರಾತ್ರಿ ತುಂಬಿದ ಸಭೆಯ ಮುಂದೆ ಕೈಕೊಟ್ಟ ಆಂಪು ನನ್ನ ಮೇಜಿನ ಮೇಲೆ ಸಾಧುವಾಗಿ ಕೂತು ಒಂದೊಂದು ಸ್ವರವನ್ನೂ ತುಂಬಿಕೊಡುತ್ತಿರುತ್ತದೆ. ತಂದವನ ಮುಖದಲ್ಲಿ ಸಂತೋಷಕ್ಕಿಂತ ಮುಜುಗರವೇ ಹೆಚ್ಚು. ‘ಇಲ್ಲ ಸರ್, ನಿಜವಾಗ್ಲೂ ಸೌಂಡ್ ಹೋಗ್ತಿತ್ತು, ನಮ್ಮ ಡ್ರಮ್ಮರ್‌ನ ಬೇಕಾದ್ರೆ ಕೇಳಿ’ ಎಂದು ಸಾಕ್ಷಿಯನ್ನೂ ಮುಂದಿಡುತ್ತಾನೆ. ನನಗೆ ಸಾಕ್ಷಿ ಬೇಕಿಲ್ಲ. ಅವನು ಹೇಳುವುದು ನಿಜ. ಸುಳ್ಳು ಹೇಳುತ್ತಿರುವುದು ನನ್ನ ಮೇಜು.

ಸ್ಪೀಕರೂ ಸರ್ಕ್ಯೂಟೂ ಒಂದೇ ಮರದ ಪೆಟ್ಟಿಗೆಯಲ್ಲಿರುವ ಆಂಪುಗಳಲ್ಲಿ ಸರ್ಕ್ಯೂಟು ಹೊತ್ತ ಲೋಹದ ಚಾಸಿಯನ್ನು ಸಾಮಾನ್ಯವಾಗಿ ಮೇಲುಗಡೆ ತೂಗುಹಾಕಿರುತ್ತಾರೆ. ವಾಲ್ವುಗಳು ಅದರಿಂದ ತಲೆಕೆಳಗಾಗಿ ನೇತಾಡುತ್ತವೆ. ಅವುಗಳ ಬಿಸಿಯೆಲ್ಲ ಮೇಲಕ್ಕೇರಿ ಚಾಸಿಯನ್ನೇ ಕಾಯಿಸುತ್ತದೆ. ಕೆಳಗಡೆ ಸ್ಪೀಕರು ಇಡೀ ಪೆಟ್ಟಿಗೆಯನ್ನು ಎಡೆಬಿಡದೆ ಅದುರಿಸುತ್ತಿರುತ್ತದೆ. ರಿಪೇರಿಗೆಂದರೆ ಚಾಸಿಯನ್ನು ಹೊರತೆಗೆದು ಬಯಲಿಗೆ ಇಡಬೇಕು. ಬಿಸಿ ಗಾಳಿಯಲ್ಲಿ ಹೋಗುತ್ತದೆ, ಸ್ಪೀಕರು ವೈರಿನ ಇನ್ನೊಂದು ತುದಿಯಲ್ಲಿ ದೂರ ಉಳಿಯುತ್ತದೆ, ಅದುರುವುದು ನಿಲ್ಲುತ್ತದೆ. ಕಾದು ಹಿಗ್ಗಿದಾಗ ಮಾತ್ರ ಬಾಯಿಬಿಡುವ ಒಂದು ಡ್ರೈ ಸೋಲ್ಡರ್ ಒಳಗೆಲ್ಲೋ ಇದ್ದರೆ ಅದೀಗ ತಣ್ಣಗೆ ಮುಚ್ಚಿಕೊಂಡಿದೆ. ನೋಡೋಣವೆಂದು ತೆರೆದದ್ದಕ್ಕೇ ನೋಡಬೇಕಾದದ್ದು ಇಲ್ಲವಾಗುತ್ತದೆ.

ಇಷ್ಟೇ ಆಗಿದ್ದರೆ ಇದು ತಾಳ್ಮೆಯ ಮಾತಾಗುತ್ತಿತ್ತು. ತಾಳ್ಮೆ ಈ ಕಸುಬಿನಲ್ಲಿ ತಾನಾಗಿ ಬರುತ್ತದೆ. ಬಾರದವರು ಬೇಗ ಬೇರೆ ಕೆಲಸ ಹಿಡಿಯುತ್ತಾರೆ. ನನ್ನನ್ನು ಬಹಳ ಕಾಲದಿಂದ ಕೆಣಕುತ್ತಿರುವುದು ಇದಕ್ಕಿಂತ ಮುಂದಿನ ಘಟ್ಟ. ಗಂಟೆಗಟ್ಟಲೆ ಹುಡುಕಿ, ಕೆಲವನ್ನು ಬದಲಿಸಿ, ಕೆಲವನ್ನು ಹೊಸದಾಗಿ ಬೆಸೆದು, ಮುಚ್ಚಿ, ಸ್ವಿಚ್ ಹಾಕಿದರೆ ಆಂಪು ಸರಿಹೋಗಿರುತ್ತದೆ. ಅಂದು ಸಂಜೆಯೂ ಸರಿ, ಮರುದಿನವೂ ಸರಿ. ಆದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗಿರುವುದಿಲ್ಲ. ಕೆಲಸ ಮುಗಿದಿದೆ, ಅರಿವು ಬಂದಿಲ್ಲ. ಸೋತರೆ ಇಷ್ಟು ಬೇಸರವಾಗುವುದಿಲ್ಲ, ಸೋಲಿಗೆ ಕೊನೇಪಕ್ಷ ಒಂದು ಖಚಿತತೆಯಿದೆ.

ಅರಿವಿನೊಂದಿಗೆ ನಡೆಯುವ ರಿಪೇರಿ ಹೇಗಿರುತ್ತದೆ ಎಂಬುದಕ್ಕೆ 1950ರ ದಶಕದ ಕೊನೆಯ ಫೆಂಡರ್ ಚಾಂಪ್ ಒಳ್ಳೆಯ ಉದಾಹರಣೆ. ಅದರಲ್ಲಿರುವುದು ಮೂರೇ ವಾಲ್ವು. ಗಿಟಾರಿನಿಂದ ಬಂದ ಸಣ್ಣ ಸಿಗ್ನಲನ್ನು ಹಿಗ್ಗಿಸಲು ಒಂದು 12ಎಎಕ್ಸ್7, ಸ್ಪೀಕರಿಗೆ ಬಲ ಕೊಡಲು ಒಂದು 6ವಿ6, ಎಸಿಯನ್ನು ಡಿಸಿ ಮಾಡಲು ಒಂದು 5ವೈ3. ತಿರುಗಿಸುವುದಕ್ಕೆ ವಾಲ್ಯೂಮಿನದೊಂದೇ ಗುಬುಟು. ಟೋನ್ ಕಂಟ್ರೋಲು ಕೂಡ ಇಲ್ಲ. ಶಕ್ತಿ ಸುಮಾರು 5 ವಾಟ್, ಸ್ಪೀಕರು 8 ಇಂಚಿನದು. ಇಂಥ ಆಂಪು ಕೆಟ್ಟರೆ ಅದರ ಕಾಯಿಲೆಗೂ ಕಾರಣಕ್ಕೂ ನಡುವೆ ಒಂದೋ ಎರಡೋ ಹೆಜ್ಜೆ ಅಷ್ಟೆ. ಗುಂಯ್ ಎನ್ನುತ್ತಿದ್ದರೆ ಮೊದಲ ಅನುಮಾನ ಒಣಗಿದ ಫಿಲ್ಟರ್ ಕಂಡೆನ್ಸರಿನ ಮೇಲೆ. ಗುಬುಟು ತಿರುಗಿಸಿದಾಗ ಕರಕರ ಎಂದರೆ ಗುಬುಟು ತಿರುಗಿಸುವ ಪಾಟ್‌ನೊಳಗೆ ಕೊಳೆ ಕೂತಿದೆ, ಇಲ್ಲವೇ ಅದರ ಹಿಂದಿನ ಕಂಡೆನ್ಸರು ಡಿಸಿ ಸೋರಿಸುತ್ತಿದೆ. ಏನೂ ಕೇಳಿಸುವುದೇ ಇಲ್ಲವೆಂದರೆ ಸ್ಪೀಕರಿನ ಕಡೆಯಿಂದ ಶುರುಮಾಡಿ ಹಿಂದಕ್ಕೆ ಒಂದೊಂದೇ ಜಾಗದಲ್ಲಿ ಮೀಟರಿಟ್ಟು ಬಂದರಾಯಿತು. 300 ವೋಲ್ಟಿಗಿಂತ ಮೇಲಿರಬೇಕಾದ 6ವಿ6ರ ಪ್ಲೇಟಿನಲ್ಲಿ ಸೊನ್ನೆ ಕಂಡರೆ ತಪ್ಪು ಅದರ ಹಿಂದಿದೆ. ಹುಡುಕುವುದೂ ತಿಳಿಯುವುದೂ ಸರಿಮಾಡುವುದೂ ಅಲ್ಲಿ ಬೇರೆ ಬೇರೆ ಕೆಲಸಗಳಲ್ಲ. ಒಂದೇ ಕಂಡೆನ್ಸರನ್ನು ಬದಲಿಸಿ, ಇದೇ ಕಾರಣ ಎಂದು ಬೆರಳು ಮಾಡಿ ತೋರಿಸಬಹುದು.

ಈ ಸ್ಪಷ್ಟತೆಗೆ ಕಾರಣ ಅದನ್ನು ಮಾಡಿದವರ ಹಿನ್ನೆಲೆ ಎಂದು ನನ್ನ ನಂಬಿಕೆ. ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1938ರಲ್ಲಿ ಅವರು ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಬೇರೆಯವರು ಮಾಡಿದ ಸೆಟ್ಟುಗಳನ್ನು ಬಿಚ್ಚಿ ಬಿಚ್ಚಿ ಬೈದುಕೊಂಡ ಮನುಷ್ಯ ತಾನು ಮಾಡುವಾಗ ಏನೇನು ಮಾಡಬಾರದೆಂದು ಕಲಿತಿರುತ್ತಾನೆ. ಫೆಂಡರ್ ಆಂಪಿನ ಹಿಂದಿನ ಹಲಗೆ ತೆಗೆದರೆ ವಾಲ್ವುಗಳು ಕೈಗೆ ಸಿಗುತ್ತವೆ. ಯಾವ ಸಾಕೆಟ್ಟಿನಲ್ಲಿ ಯಾವ ವಾಲ್ವೆಂದು ಹೇಳುವ ಚೀಟಿಯನ್ನು ಪೆಟ್ಟಿಗೆಯ ಒಳಗೇ ಅಂಟಿಸಿರುತ್ತಾರೆ. ಬಿಡಿಭಾಗಗಳೆಲ್ಲ ಗಟ್ಟಿ ಹಲಗೆಯೊಂದರ ಮೇಲೆ ಸಾಲಾಗಿ ಮಲಗಿರುತ್ತವೆ, ಬೆಸುಗೆಯೆಲ್ಲ ಮೇಲಿನಿಂದಲೇ ಕಾಣುತ್ತದೆ. ಮುಂದೊಂದು ದಿನ ಯಾರೋ ಒಬ್ಬ ಇದರ ಮುಂದೆ ಸೋಲ್ಡರ್ ಗನ್ ಹಿಡಿದು ಕೂರುತ್ತಾನೆಂಬ ಎಣಿಕೆ ಆ ವಿನ್ಯಾಸದಲ್ಲಿದೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತಮ್ಮ ಮೊದಲ ಆಂಪಿಗೆ ಮಾದರಿಯಾಗಿಟ್ಟುಕೊಂಡದ್ದೂ ಫೆಂಡರಿನ ಬಾಸ್‌ಮನ್ ಸರ್ಕ್ಯೂಟನ್ನೇ.

ವಿಚಿತ್ರವೆಂದರೆ ಈ ಸರಳತೆಯ ಕಟ್ಟು ಬಿಚ್ಚಿದವರೂ ರಿಪೇರಿಯವರೇ. 1960ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಸಂಗೀತಗಾರರ ಆಂಪುಗಳನ್ನು ಸರಿಮಾಡಿಕೊಡುತ್ತಿದ್ದ ರಾಂಡಲ್ ಸ್ಮಿತ್ ಒಂದು ಕೀಟಲೆ ಮಾಡಿದರು. ಗಿಟಾರ್ ವಾದಕ ಬ್ಯಾರಿ ಮೆಲ್ಟನ್ ಅವರ ಪುಟ್ಟ ಫೆಂಡರ್ ಪ್ರಿನ್ಸ್‌ಟನ್ ಪೆಟ್ಟಿಗೆಯೊಳಗೆ ದೊಡ್ಡ ಬಾಸ್‌ಮನ್‌ನ ಸರ್ಕ್ಯೂಟು, 12 ಇಂಚಿನ ಸ್ಪೀಕರು ಎರಡನ್ನೂ ತುರುಕಿಟ್ಟರು. ಕಾರ್ಲೋಸ್ ಸಾಂಟಾನಾ ಅದನ್ನು ನುಡಿಸಿ ಬೆರಗಾದರು. ಆ ಆಂಪಿಗೆ ಬೂಗಿ ಎಂಬ ಹೆಸರು ಅಲ್ಲಿಂದ ಬಂತು. ಕೀಟಲೆ ಕಂಪನಿಯಾಯಿತು. ಇದ್ದ ಹಂತಗಳ ಮೇಲೆ ಇನ್ನೊಂದು ಹಿಗ್ಗಿಸುವ ಹಂತ ಸೇರಿತು, ಆಮೇಲೆ ಚಾನೆಲ್ಲುಗಳು, ಗ್ರಾಫಿಕ್ ಈಕ್ವಲೈಸರು, ಕಾಲಿನಿಂದ ಒತ್ತುವ ಸ್ವಿಚ್ಚುಗಳು. ಉಳಿದ ಕಂಪನಿಗಳೂ ಅದೇ ಜಾಡು ಹಿಡಿದವು.

ಇದನ್ನು ದುರಾಸೆ ಎನ್ನಲಾರೆ. ನುಡಿಸುವವರಿಗೆ ನಿಜವಾಗಿ ಬೇಕಾಗಿತ್ತು. ಹಾಡುಗಾರನ ಹಿಂದೆ ತಿಳಿಯಾದ ದನಿ ಬೇಕು, ಮುಂದಿನ ಸಾಲಿನಲ್ಲಿ ಸ್ವಲ್ಪ ಒರಟು ಬೇಕು, ಸೋಲೋ ಬಂದಾಗ ಸ್ವರ ಉರಿದು ನಿಲ್ಲಬೇಕು. ಎರಡೂ ಕೈ ತಂತಿಯ ಮೇಲಿರುವುದರಿಂದ ಇದನ್ನೆಲ್ಲ ಕಾಲೇ ಮಾಡಬೇಕು. ಒಬ್ಬೊಬ್ಬರ ಒಂದೊಂದು ಬೇಡಿಕೆಗೂ ಒಂದು ರಿಲೇ, ಒಂದು ವಾಲ್ವಿನ ಅರ್ಧ, ಒಂದು ಗೊಂಚಲು ವೈರು. ತಲೆಮಾರಿಗೊಂದು ಕೋಣೆ ಸೇರಿಸುತ್ತಾ ಹೋದ ತೊಟ್ಟಿಮನೆಯಲ್ಲಿ ಬಚ್ಚಲಿಗೆ ಹೋಗಲು ಉಗ್ರಾಣ ದಾಟಿ, ದೇವರಮನೆ ಬಳಸಿ ನಡೆಯಬೇಕಾಗುವಂತೆ, ಗಿಟಾರಿನ ಸಿಗ್ನಲು ಸ್ಪೀಕರು ಮುಟ್ಟುವ ಹೊತ್ತಿಗೆ ಎಲ್ಲರ ಆಸೆಗಳನ್ನೂ ಹಾದು ಬಂದಿರುತ್ತದೆ. ವಾಸಿಸುವವರಿಗೆ ಅದು ಅಭ್ಯಾಸವಾಗಿದೆ. ಒಡೆದ ಪೈಪು ಹುಡುಕಲು ಬಂದವನ ಪಾಡು ಬೇರೆ.

ಮೂರು ಚಾನೆಲಿನ, ರಿವರ್ಬ್ ಇರುವ, ಎಫೆಕ್ಟ್ಸ್ ಲೂಪ್ ಇರುವ ಆಂಪೊಂದರ ಪ್ರಿಂಟೆಡ್ ಬೋರ್ಡಿನ ಅಡಿಭಾಗ ನೋಡಬೇಕೆಂದರೆ ಮುಂದಿನ ಗುಬುಟುಗಳನ್ನೆಲ್ಲ ಕಿತ್ತು, ಪ್ರತಿ ಪಾಟಿನ ನಟ್ಟು ಬಿಚ್ಚಿ, ಹಿಂದಿನ ಜಾಕುಗಳ ನಟ್ಟು ಬಿಚ್ಚಿ, ಪಟ್ಟಿ ಕೇಬಲ್ಲುಗಳನ್ನು ಎಳೆದು, ಟ್ರಾನ್ಸ್‌ಫಾರ್ಮರಿನ ವೈರುಗಳನ್ನು ಗುರುತು ಹಾಕಿ ಬಿಡಿಸಿ, ಬೋರ್ಡನ್ನು ಓರೆಯಾಗಿ ಎತ್ತಬೇಕು. ಎಷ್ಟೋ ವಿನ್ಯಾಸಗಳಲ್ಲಿ ಬೋರ್ಡು ಎತ್ತಿದ ಮೇಲೆ ಕರೆಂಟು ಕೊಡಲಾಗುವುದಿಲ್ಲ, ಕರೆಂಟು ಕೊಡಬೇಕೆಂದರೆ ಬೋರ್ಡು ಮೊದಲಿನ ಜಾಗದಲ್ಲಿ ಕೂರಬೇಕು. ನೋಡುವಾಗ ಅಳೆಯುವ ಹಾಗಿಲ್ಲ, ಅಳೆಯುವಾಗ ನೋಡುವ ಹಾಗಿಲ್ಲ. ವಾಲ್ವಿನ ಸಾಕೆಟ್ಟನ್ನು ಬೋರ್ಡಿಗೇ ಬೆಸೆದಿದ್ದರಂತೂ ಮುಗಿಯಿತು. ವಾಲ್ವಿನ ಬಿಸಿಯೂ, ತೆಗೆದು ಹಾಕುವವರ ಕೈಬಲವೂ ಆ ಬೆಸುಗೆಯ ಮೇಲೆಯೇ. ಸಾಕೆಟ್ಟಿನ ಕಾಲುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದು ಲೈಟನ್ನು ಓರೆಮಾಡಿ ನೋಡಿದರೆ ಕಾಣುತ್ತದೆ, ಕೆಲವೊಮ್ಮೆ. ಇನ್ನು ಹಳೆಯ ಬಿಡಿಭಾಗ ತೆಗೆಯುವಾಗ ಕಾವು ಒಂದಿಷ್ಟು ಜಾಸ್ತಿಯಾದರೆ ತಾಮ್ರದ ಗೆರೆ ಬೋರ್ಡಿನಿಂದ ಎದ್ದುಬರುತ್ತದೆ. ಹೊಸ ತಪ್ಪು ಹುಟ್ಟಿಸದೆ ಹಳೆಯದನ್ನು ಹುಡುಕುವುದೇ ದೊಡ್ಡದು.

ಇಂಥ ಎಷ್ಟೋ ಆಂಪುಗಳ ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಡಬ್ಬಿ ಇರುತ್ತದೆ. ಹೊರಗಿನ ಬೆಳಕು ಚೂರೂ ಹೋಗದಂತೆ ಮುಚ್ಚಿದ ಅದರಲ್ಲಿ ಒಂದು ಎಲ್‌ಇಡಿ, ಅದರ ಎದುರಿಗೆ ಬೆಳಕು ಬಿದ್ದಾಗ ರೆಸಿಸ್ಟೆನ್ಸ್ ಇಳಿಯುವ ಒಂದು ಬಿಲ್ಲೆ. ಎಲ್‌ಇಡಿ ಹೊತ್ತಿದರೆ ದಾರಿ ತೆರೆಯುತ್ತದೆ, ಆರಿದರೆ ಮುಚ್ಚುತ್ತದೆ. ಚಾನೆಲ್ ಬದಲಾಗುವಾಗ ಪಟ್ಟೆಂಬ ಸದ್ದಾಗದಿರಲೆಂದು ಕಂಡುಕೊಂಡ ಉಪಾಯ, ಬಹಳ ಜಾಣತನದ್ದು, ನನಗೆ ಅದರ ಮೇಲೆ ಗೌರವವಿದೆ. ತೊಂದರೆಯೆಂದರೆ ಅದು ಒಮ್ಮೆಲೇ ಸಾಯುವುದಿಲ್ಲ. ವಯಸ್ಸಾಗುತ್ತಾ ದಾರಿ ಪೂರ್ತಿ ತೆರೆಯುವುದನ್ನು ಬಿಡುತ್ತದೆ, ಅಥವಾ ಪೂರ್ತಿ ಮುಚ್ಚುವುದನ್ನು. ಆಗ ಒಂದು ಚಾನೆಲಿನ ದನಿ ಮಂಕಾಗುತ್ತದೆ, ಇಲ್ಲವೇ ಒಂದರ ದನಿ ಇನ್ನೊಂದರೊಳಗೆ ತೂರುತ್ತದೆ. ಕೆಟ್ಟಿದೆ ಎಂದು ಹೇಳಲಾಗದ, ಸರಿಯಿದೆ ಎಂದೂ ಹೇಳಲಾಗದ ಈ ನಡುವಿನ ಸ್ಥಿತಿಗೆ ಮೀಟರಿನಲ್ಲಿ ಸರಿಯಾದ ಉತ್ತರವಿಲ್ಲ.

ಹಿಗ್ಗಿಸುವ ಹಂತಗಳ ಕಥೆಯೇ ಬೇರೆ. ಗಿಟಾರಿನಿಂದ ಬರುವುದು ವೋಲ್ಟಿನ ಹತ್ತನೇ ಒಂದು ಪಾಲಿನ ಆಸುಪಾಸು. 12ಎಎಕ್ಸ್7ರ ಒಂದು ಹಂತ ಅದನ್ನು 50, 60 ಪಟ್ಟು ದೊಡ್ಡದು ಮಾಡಬಲ್ಲದು. ಅಂಥ ಮೂರು ಹಂತಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಗುಣಿಸಿದ ಲೆಕ್ಕ ಲಕ್ಷ ದಾಟುತ್ತದೆ. ಅದಕ್ಕೇ ನಡುನಡುವೆ ಬೇಕೆಂತಲೇ ಸಾಕಷ್ಟನ್ನು ಕಡಿತ ಮಾಡುತ್ತಾರೆ. ಇಷ್ಟರ ಮೇಲೂ ಕೊನೆಯ ಹಂತದ ವೈರೊಂದು ಮೊದಲ ಹಂತದ ವೈರಿನ ಪಕ್ಕಕ್ಕೆ ಸರಿದರೆ ಸಾಕು, ಆಂಪು ಸಿಳ್ಳೆ ಹಾಕುತ್ತದೆ. ಕೇಳುವ ಸಿಳ್ಳೆಯಾದರೆ ಪುಣ್ಯ. ಕಿವಿಗೆ ನಿಲುಕದಷ್ಟು ಮೇಲಿನ ಸ್ಥಾಯಿಯಲ್ಲಿ ಅದು ತನ್ನಷ್ಟಕ್ಕೆ ಕೂಗಿಕೊಳ್ಳುವುದೂ ಉಂಟು. ಆ ಕೂಗಿಗೂ ಔಟ್‌ಪುಟ್ ವಾಲ್ವುಗಳು ದುಡಿಯಲೇಬೇಕು. ಕರೆಂಟು ಏರುತ್ತದೆ, ಪ್ಲೇಟು ಕೆಂಪಗಾಗುತ್ತದೆ, ನಮಗೆ ಬೇಕಾದ ದನಿ ಮಾತ್ರ ಬತ್ತುತ್ತದೆ. ಅದನ್ನು ಹಿಡಿಯಲು ಆಸಿಲೋಸ್ಕೋಪಿನ ಪ್ರೋಬ್ ತಾಗಿಸಿದರೆ ಆ ಪ್ರೋಬ್ ತನ್ನೊಂದಿಗೆ ತರುವ ಚೂರು ಕೆಪಾಸಿಟೆನ್ಸಿಗೇ ಕೂಗು ಅಡಗುತ್ತದೆ. ಪರದೆಯ ಮೇಲೆ ಸಭ್ಯ ಗೆರೆ. ಪ್ರೋಬ್ ತೆಗೆದರೆ ಮತ್ತೆ ಶುರು.

ಒಬ್ಬ ಹುಡುಗ ಇಂಥದೊಂದು ಆಂಪನ್ನು ತಂದ. ಅಮೆರಿಕದ ಮಾಲು, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು, 120 ವೋಲ್ಟಿನದಾದ್ದರಿಂದ ಜೊತೆಗೊಂದು ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು. ‘ಅರ್ಧ ಗಂಟೆ ಚೆನ್ನಾಗಿರತ್ತೆ ಸರ್. ಆಮೇಲೆ ಎರಡನೇ ಚಾನೆಲ್ ಮಾತ್ರ ಡಲ್ ಆಗತ್ತೆ. ಪೂರ್ತಿ ಹೋಗಲ್ಲ. ಯಾರೋ ಮೇಲೆ ಕಂಬಳಿ ಹೊದಿಸಿದ ಹಾಗೆ.’ ಕೆಟ್ಟದ್ದನ್ನು ಇಷ್ಟು ಚೆನ್ನಾಗಿ ಹೇಳುವ ಗಿರಾಕಿ ಅಪರೂಪ. ಹೆಚ್ಚಿನವರು ‘ಏನೋ ಸರಿಯಿಲ್ಲ’ ಎನ್ನುತ್ತಾರೆ, ಅಷ್ಟೇ.

ಮೊದಲು ಸೀರೀಸ್ ಲ್ಯಾಂಪು ಹಾಕಿ ಕರೆಂಟು ಕೊಟ್ಟೆ. ಒಳಗೆ ಶಾರ್ಟಿದ್ದರೆ ಬಲ್ಬು ಪ್ರಖರವಾಗಿ ಉರಿದು ಆಂಪನ್ನು ಉಳಿಸುತ್ತದೆ, ಶಾರ್ಟಿಲ್ಲದಿದ್ದರೆ ಒಮ್ಮೆ ಬೆಳಗಿ ಮಂದವಾಗುತ್ತದೆ. (ಇದಕ್ಕೆ ಬೇಕಾದ 100 ವಾಟಿನ ಹಳೆಯ ಫಿಲಮೆಂಟ್ ಬಲ್ಬು ಈಗ ಸಿಗುವುದೇ ಕಷ್ಟ. ಅಂಗಡಿಯವರು ಎಲ್‌ಇಡಿ ತೋರಿಸಿ ‘ಇದು ಕರೆಂಟ್ ಉಳಿಸತ್ತೆ’ ಎನ್ನುತ್ತಾರೆ. ನನಗೆ ಬೇಕಾಗಿರುವುದು ಕರೆಂಟು ಕುಡಿಯುವ ಬಲ್ಬು ಎಂದು ವಿವರಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದಿರುತ್ತದೆ.) ಬಲ್ಬು ಮಂದವಾಯಿತು. ವಾಲ್ವುಗಳು ಸುಮ್ಮನಿರುವಾಗ ಎಳೆಯುವ ಕರೆಂಟು, ಅಂದರೆ ಬಯಾಸ್, ಸರಿಯಿತ್ತು. ವಾಲ್ವುಗಳನ್ನು ಒಂದೊಂದಾಗಿ ಬದಲಿಸಿ ನೋಡಿದೆ. ಒಣ ಬಿದಿರುಕಡ್ಡಿಯಿಂದ ಬಿಡಿಭಾಗಗಳನ್ನು ಒಂದೊಂದಾಗಿ ತಟ್ಟಿದೆ. ಸಡಿಲವಿದ್ದರೆ ಸ್ಪೀಕರಿನಲ್ಲಿ ಕರ್ ಎನ್ನಬೇಕು. ಎನ್ನಲಿಲ್ಲ. ಹೇರ್ ಡ್ರೈಯರಿನಿಂದ ಒಂದು ಮೂಲೆ ಕಾಯಿಸಿ, ತಣಿಸುವ ಸ್ಪ್ರೇಯಿಂದ ಇನ್ನೊಂದು ಮೂಲೆ ತಣಿಸಿದೆ. ರಟ್ಟಿನ ಡಬ್ಬಿ ಕವುಚಿ ಬಿಸಿ ಕೂಡಿಹಾಕಿದಾಗ, ಒಂದೇ ಒಂದು ಸಲ, ದನಿ ಮಂಕಾಯಿತು. ಡಬ್ಬಿ ಎತ್ತಿ ಕಡ್ಡಿ ತಾಗಿಸುವಷ್ಟರಲ್ಲಿ ಮರಳಿ ಬಂತು.

ಇಲ್ಲಿ ಮೈಯ ಮಾತನ್ನೂ ಹೇಳಬೇಕು. ಈ ಹುಡುಕಾಟವೆಲ್ಲ 400, 450 ವೋಲ್ಟಿನ ಡಿಸಿ ಹರಿಯುತ್ತಿರುವ ಜಾಗದಲ್ಲಿ ನಡೆಯುತ್ತದೆ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರುಗಳು ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರು ಹಿಡಿದು ಇಳಿಸಿ, ಮೀಟರಿಟ್ಟು ನೋಡಿದ ಮೇಲೆಯೇ ಕೈ ಹಾಕುವುದು. ಕರೆಂಟಿರುವಾಗ ಒಂದು ಕೈ ಬೆನ್ನ ಹಿಂದೆ ಎಂಬುದು ಹಳೆಯ ರೇಡಿಯೋ ಮೆಕ್ಯಾನಿಕ್‌ಗಳ ಪಾಠ, ಶಾಕು ಎದೆ ಹಾದು ಹೋಗದಿರಲೆಂದು. ಬೇಸರ ಹೆಚ್ಚಾದಾಗ ಆ ಕೈ ತಾನಾಗಿ ಮುಂದೆ ಬರುತ್ತದೆ. ಅದು ಮುಂದೆ ಬಂದದ್ದು ಕಂಡ ಕೂಡಲೇ ಸ್ವಿಚ್ ಆರಿಸಿ ಹೊರಗೆ ಹೋಗಿ ಕಾಫಿ ಕುಡಿಯುತ್ತೇನೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಪರೀಕ್ಷಿಸು, ಆಮೇಲೆ ಮುಂದಿನದು: ಈ ಕಸುಬಿನ ಮೊದಲ ನಿಯಮ ಇದು, ಯಾರೂ ಅಲ್ಲಗಳೆಯುವುದಿಲ್ಲ. ಚಾಂಪಿನಲ್ಲಿ ಇದನ್ನು ಪಾಲಿಸಬಹುದು. ಆದರೆ ಆ ಹುಡುಗನ ಆಂಪಿನಲ್ಲಿ ಅನುಮಾನದ ಬೆಸುಗೆಯೊಂದನ್ನು ಮುಟ್ಟಬೇಕಾದರೇ ಇಡೀ ಬೋರ್ಡು ಎದ್ದುಬರಬೇಕು. ಎತ್ತುವಾಗ ಪಟ್ಟಿ ಕೇಬಲ್ಲುಗಳನ್ನು ಕಳಚಿ ಮತ್ತೆ ಸಿಕ್ಕಿಸಿದೆ. ಅವುಗಳ ಕಾಂಟ್ಯಾಕ್ಟಿನ ಮೇಲೆ ಕೂತಿದ್ದ ಮಸಿ ಅಷ್ಟರಲ್ಲೇ ಉಜ್ಜಿಹೋಯಿತು. ವಾಲ್ವುಗಳನ್ನು ತೆಗೆದು ಹಾಕಿದೆ. ಸಾಕೆಟ್ಟಿನ ಹಿಡಿತ ಬದಲಾಯಿತು. ನಟ್ಟುಗಳನ್ನು ಬಿಗಿದೆ, ಅರ್ಥಿಂಗ್ ಸುಧಾರಿಸಿರಬಹುದು. ವೈರುಗಳು ಒಂದೆರಡು ಮಿಲಿಮೀಟರು ಆಚೀಚೆ ಸರಿದವು. ನಾನಿನ್ನೂ ಏನನ್ನೂ ರಿಪೇರಿ ಮಾಡಿರಲಿಲ್ಲ, ಆಗಲೇ ಹಲವು ಸಂಗತಿಗಳು ಬದಲಾಗಿದ್ದವು. ಅದರ ಮೇಲೆ ನಾನು ಒಂದು ಸಾಲು ಬೆಸುಗೆ ಹೊಸದು ಮಾಡಿದೆ, ಎರಡನೇ ಚಾನೆಲಿನ ಕಪ್ಪು ಡಬ್ಬಿ ಬದಲಿಸಿದೆ. ಮುಚ್ಚಿದೆ. ಅದರದೇ ಪೆಟ್ಟಿಗೆಯಲ್ಲಿ, ಅದರದೇ ಸ್ಪೀಕರಿನೊಂದಿಗೆ, ಇಡೀ ಮಧ್ಯಾಹ್ನ ನುಡಿಯಿತು. ಮಂಕಾಗಲಿಲ್ಲ.

ತೆಗೆದ ಡಬ್ಬಿಯನ್ನು ಬೇರೆಯಾಗಿ ಪರೀಕ್ಷಿಸಿದೆ. ಅದು ಚೆನ್ನಾಗಿಯೇ ಇತ್ತು. ಅಥವಾ ಮೇಜಿನ ಮೇಲೆ, ತಣ್ಣಗಿರುವಾಗ, ಚೆನ್ನಾಗಿತ್ತು.

ಹಾಗಾದರೆ ಯಾವುದು? ಬೆಸುಗೆಯೆ, ಕೇಬಲ್ಲೆ, ಸಾಕೆಟ್ಟೆ? ಆಂಪು ನನಗೆ ಹೇಳುವುದಿಲ್ಲ, ನುಡಿಯುವುದೊಂದೇ ಅದರ ಕೆಲಸ. ಹಳೆಯ ಸ್ಥಿತಿಗೆ ಒಂದೊಂದಾಗಿ ಮರಳಿಸಿ ನೋಡಿದರೆ ತಿಳಿದೀತು ಎಂದು ತರ್ಕ ಹೇಳುತ್ತದೆ. ಆದರೆ ಒಡೆದ ಬೆಸುಗೆಯನ್ನು ಮತ್ತೆ ಅದೇ ರೀತಿ ಒಡೆಯುವುದು, ಉಜ್ಜಿಹೋದ ಮಸಿಯನ್ನು ಮತ್ತೆ ಕೂರಿಸುವುದು ಯಾರಿಗೂ ಸಾಧ್ಯವಿಲ್ಲ. ತಪ್ಪು ಹೋಗುವಾಗ ತನ್ನ ಕುರುಹನ್ನೂ ಒಯ್ದಿತ್ತು. ಕಾರಣ ಬೇಕು ಎಂಬ ಹಟ ನನ್ನ ಅಗತ್ಯವೇ ಹೊರತು ಆಂಪಿನದಲ್ಲ, ಅದರ ಒಡೆಯನದೂ ಅಲ್ಲ; ಅವನಿಗೆ ಶನಿವಾರದ ಕಾರ್ಯಕ್ರಮ ನಡೆದರೆ ಸಾಕು. ಹೀಗೆ ಎಷ್ಟು ಸಮಾಧಾನ ಹೇಳಿಕೊಂಡರೂ ಒಳಗೆ ಒಂದು ಮುಳ್ಳು ಉಳಿಯುತ್ತದೆ, ಯಾಕೆಂದರೆ ಕಾರಣ ಗೊತ್ತಿದ್ದರೆ ಮಾತ್ರ ‘ಇನ್ನು ಆಗುವುದಿಲ್ಲ’ ಎಂದು ಹೇಳಬಹುದು. ಗೊತ್ತಿಲ್ಲದವನು ‘ನಾನು ನೋಡುತ್ತಿದ್ದಷ್ಟು ಹೊತ್ತು ಆಗಲಿಲ್ಲ’ ಎನ್ನಬಹುದು, ಅಷ್ಟೆ.

ಕಿವಿಯೊಂದೇ ಉತ್ತರ ಕೊಟ್ಟುಬಿಡುವ ಸಂಗತಿಗಳೂ ಇವೆ, ಅವು ನನಗೆ ಪ್ರೀತಿ. ಹಮ್ಮಿಂಗ್ ಅಂಥದು. ನಮ್ಮ ಕರೆಂಟು 50 ಹರ್ಟ್ಸ್‌ನದು. ವಾಲ್ವಿನ ಹೀಟರಿನಿಂದಲೋ ಅರ್ಥಿಂಗ್ ಸರಿಯಿಲ್ಲದ್ದರಿಂದಲೋ ಬರುವ ಗುಂಯ್‌ಗುಡುವಿಕೆ 50ರಲ್ಲಿರುತ್ತದೆ. ಒಣಗಿದ ಫಿಲ್ಟರ್ ಕಂಡೆನ್ಸರಿನದು ಅದರ ಎರಡರಷ್ಟು, 100ರಲ್ಲಿ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ಅಂದರೆ ನಮ್ಮಲ್ಲಿ ಫಿಲ್ಟರ್ ಕೆಟ್ಟ ಆಂಪು ಹೆಚ್ಚುಕಡಿಮೆ ಜಿ ಶ್ರುತಿ ಹಿಡಿದಿರುತ್ತದೆ. ಆ ತಂತಿ ಮೀಟಿ ಹೋಲಿಸಿದರೆ ಮೀಟರೇ ಬೇಡ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್‌ನದಾದ್ದರಿಂದ ಇದೇ ಆಂಪು ಇದೇ ಕಾಯಿಲೆಗೆ ಅಲ್ಲಿ 120ರಲ್ಲಿ, ಎ ಶಾರ್ಪಿಗೂ ಬಿಗೂ ನಡುವೆ, ಯಾವ ಸ್ವರಕ್ಕೂ ಸೇರದೆ ಗುನುಗುತ್ತದೆ. ಶ್ರುತಿಯ ಮಟ್ಟಿಗೆ ನಾವೇ ಅದೃಷ್ಟವಂತರು.

ವಾಲ್ವುಗಳ ವಿಷಯದಲ್ಲಿ ಆ ಅದೃಷ್ಟವಿಲ್ಲ, ಈಗ ಯಾರಿಗೂ ಇಲ್ಲ. ಒಂದು ಕಾಲಕ್ಕೆ ಇಲ್ಲೇ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಲ್ವು ತಯಾರಾಗುತ್ತಿದ್ದವು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತು. ಅಂಥ ವಾಲ್ವುಗಳು ಗಿಟಾರ್ ಆಂಪುಗಳಲ್ಲೂ ಕೂರುತ್ತವೆ: ವೋಕ್ಸ್ ಎಸಿ30 ಆಂಪಿನಲ್ಲಿ ನಾಲ್ಕು ಇಎಲ್84 ವಾಲ್ವುಗಳಿರುತ್ತವೆ. ಬಿಇಎಲ್ ಮುದ್ರೆಯ ಇಎಲ್84ಗಳು ಈಗಲೂ ಹಳೆಯ ಸಾಮಾನಿನ ನಡುವೆ ಸಿಗುವುದುಂಟು, ಸಿಕ್ಕವರು ಸುಲಭಕ್ಕೆ ಕೊಡುವುದಿಲ್ಲ. ಈಗ ಗಿಟಾರ್ ಆಂಪುಗಳಿಗೆ ವಾಲ್ವು ಬರುವುದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾದ ಸರಾಟೋವ್ ಮತ್ತು ಚೀನಾದಿಂದ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ಜಗತ್ತಿನ ಗಿಟಾರ್ ಅಂಗಡಿಗಳೆಲ್ಲ ಗಾಬರಿಯಾದವು. ಪೂರೈಕೆ ಮತ್ತೆ ಶುರುವಾಯಿತು, ಬೆಲೆ ಮಾತ್ರ ಮೊದಲಿನಂತಾಗಲಿಲ್ಲ.

ಬೆಲೆಗಿಂತ ತೊಡಕಿನದು ನಂಬಿಕೆ. ಹೊಸ ವಾಲ್ವೆಂದರೆ ಒಳ್ಳೆಯ ವಾಲ್ವೆಂಬ ಭರವಸೆಯಿಲ್ಲ. ಪೊಟ್ಟಣದಿಂದ ಈಗಷ್ಟೇ ತೆಗೆದ 12ಎಎಕ್ಸ್7 ಬೆರಳಿನಿಂದ ತಟ್ಟಿದರೆ ಗಂಟೆಯ ಸದ್ದು ಮಾಡಬಹುದು. ಹಳೆಯದನ್ನು ತೆಗೆದು ಹೊಸದು ಹಾಕಿದ ಮೇಲೂ ಕಾಯಿಲೆ ಹೋಗದಿದ್ದರೆ ವಾಲ್ವು ನಿರಪರಾಧಿ ಎಂದು ತೀರ್ಮಾನಿಸುವ ಹಾಗಿಲ್ಲ, ಎರಡೂ ಕೆಟ್ಟಿರಬಹುದು. ಅಳತೆಗೋಲಿನ ಮೇಲೇ ಅನುಮಾನ ಬಂದಾಗ ಅಳೆಯುವವನು ಎಲ್ಲಿ ನಿಲ್ಲಬೇಕು? ಅದಕ್ಕೇ ಚೆನ್ನಾಗಿವೆಯೆಂದು ಗೊತ್ತಿರುವ ಕೆಲವು ಹಳೆಯ ವಾಲ್ವುಗಳನ್ನು ಪರೀಕ್ಷೆಗೆಂದೇ ಎತ್ತಿಟ್ಟಿದ್ದೇನೆ. ಗಿರಾಕಿಗಳು ಕಣ್ಣು ಹಾಕುತ್ತಾರೆ, ಮಾರುವುದಿಲ್ಲ.

ಈ ಗೊಂದಲಕ್ಕೆ ಒಂದು ಸುಲಭದ ದಾರಿಯಿದೆ, ತುಂಬ ಜನ ಅದನ್ನು ಹಿಡಿಯುತ್ತಾರೆ: ಎಲ್ಲವನ್ನೂ ಬದಲಿಸು. ಎಲ್ಲ ಕಂಡೆನ್ಸರು, ಎಲ್ಲ ವಾಲ್ವು, ಎಲ್ಲ ರಿಲೇ. ಬಿಲ್ಲು ಉದ್ದವಾಗುತ್ತದೆ, ಕಾಯಿಲೆ ಬಹುಶಃ ಹೋಗುತ್ತದೆ, ಗಿರಾಕಿಗೆ ಕೈಯಲ್ಲಿ ಹಿಡಿಯಲು ಒಂದು ಚೀಲ ಹಳೆಯ ಸಾಮಾನು ಸಿಗುತ್ತದೆ. ದಶಕಗಳಷ್ಟು ಹಳೆಯ ಫಿಲ್ಟರ್ ಕಂಡೆನ್ಸರುಗಳನ್ನು ಹೇಗೂ ಬದಲಿಸಬೇಕು, ಅಷ್ಟರಮಟ್ಟಿಗೆ ಒಪ್ಪುತ್ತೇನೆ. ಉಳಿದದ್ದು ನನಗೆ ಒಗ್ಗುವುದಿಲ್ಲ. ಅದರಲ್ಲಿ ತಿಳಿವಳಿಕೆಯ ಜಾಗದಲ್ಲಿ ಬೇರೆಯವರ ದುಡ್ಡು ಕೂತಿರುತ್ತದೆ. ಜೊತೆಗೆ, ಹೊಸದಾಗಿ ಹಾಕಿದ ಅಷ್ಟೊಂದು ಬಿಡಿಭಾಗಗಳಲ್ಲಿ ಒಂದು ಮುಂದಿನ ತಿಂಗಳು ಕೆಟ್ಟರೆ ಹುಡುಕುವುದು ಎಲ್ಲಿಂದ?

ಬೇರೆಯವರು ಮುಟ್ಟಿದ ಆಂಪು ತೆರೆದಾಗ ಅವರ ಯೋಚನೆಯ ಜಾಡು ಕಾಣುತ್ತದೆ. ಬೆಸುಗೆಯ ಹೊಳಪು ಬೇರೆಯಿರುತ್ತದೆ, ಒಂದು ರೆಸಿಸ್ಟರು ಎತ್ತರದಲ್ಲಿ ನಿಂತಿರುತ್ತದೆ, ವೈರಿನ ಮೇಲೆ ಯಾರೋ ಪೆನ್ನಿನಲ್ಲಿ ಹಾಕಿದ ಗುರುತು. ಇವರು ಇಲ್ಲಿಯವರೆಗೆ ಬಂದಿದ್ದರು, ಇದನ್ನು ಅನುಮಾನಿಸಿದ್ದರು ಎಂದು ತಿಳಿಯುತ್ತದೆ. ಇದೇ ಕಾರಣವೆಂದು ಅವರಿಗೆ ಖಾತ್ರಿಯಾಗಿತ್ತೇ ಎಂಬುದು ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ನಾನು ಈಚೆಗೆ ಒಂದು ಚೀಟಿ ಬರೆದು ಒಳಗೆ ಅಂಟಿಸುತ್ತೇನೆ. ಏನು ನೋಡಿದೆ, ಏನು ಬದಲಿಸಿದೆ, ಯಾವ ಜಾಗದಲ್ಲಿ ಎಷ್ಟು ವೋಲ್ಟಿತ್ತು, ಕೊನೆಗೆ ಕಾರಣ. ಹುಡುಗನ ಆಂಪಿನ ಚೀಟಿಯಲ್ಲಿ ಕಾರಣದ ಮುಂದೆ ಒಂದು ಗೆರೆ ಎಳೆದೆ. ಬಿಡಿಭಾಗದ ದುಡ್ಡು ಮತ್ತು ಬೋರ್ಡು ಎತ್ತಿ ಕೂರಿಸಿದ ಕೂಲಿ ತೆಗೆದುಕೊಂಡೆ, ಹುಡುಕಿದ್ದಕ್ಕೆ ಬೇಡವೆಂದೆ. ‘ಹುಡುಕಿದ್ದೇ ಅಲ್ವಾ ಸರ್ ಜಾಸ್ತಿ ಕೆಲಸ?’ ಎಂದ ಅವನು. ಆ ಪ್ರಶ್ನೆಗೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಸಿಗದ ಕಾರಣಕ್ಕೆ ಹಣ ಕೇಳಲು ನನಗೆ ಬಾಯಿ ಬರುವುದಿಲ್ಲ, ಅಷ್ಟೆ. ಇದು ನ್ಯಾಯವೆಂದೇನೂ ವಾದಿಸುವುದಿಲ್ಲ.

ಹೋಗುವಾಗ ಅವನಿಗೊಂದು ಕೆಲಸ ಹೇಳಿದೆ. ‘ಮತ್ತೆ ಡಲ್ ಆದ್ರೆ ಬರೆದಿಡಪ್ಪ. ಯಾವ ಜಾಗ, ಎಷ್ಟು ಹೊತ್ತಾದ ಮೇಲೆ, ಯಾವ ಪಾಯಿಂಟಿಗೆ ಸಿಕ್ಕಿಸಿದ್ದೆ, ಜೊತೆಗೆ ಇನ್ನೇನೇನು ಓಡ್ತಿತ್ತು, ಎಲ್ಲ.’ ಕೆಲವು ವಾರ ಕಳೆದು ಅವನು ಆಂಪಿಲ್ಲದೆ ಬಂದ, ಕೈಯಲ್ಲಿ ನೋಟ್‌ಬುಕ್ಕು. ಒಂದು ಪಬ್ಬಿನಲ್ಲಿ ನುಡಿಸಿದಾಗಲೆಲ್ಲ ದನಿ ಮಂಕಾಗಿತ್ತು, ಬೇರೆ ಕಡೆ ಆಗಿರಲಿಲ್ಲ. ಆ ಪಬ್ಬಿನ ವೇದಿಕೆಯ ಪಾಯಿಂಟಿಗೇ ಲೈಟುಗಳೂ ಸಿಕ್ಕಿಸಿರುತ್ತಾರಂತೆ. ವೋಲ್ಟೇಜು ಕುಸಿದರೆ ಕಪ್ಪು ಡಬ್ಬಿಯ ಎಲ್‌ಇಡಿ ಮಂದವಾಗಿ ದಾರಿ ಅರೆಬರೆ ತೆರೆದುಕೊಂಡಿರಬಹುದು ಎಂದು ನನಗೆ ಕೂಡಲೇ ಹೊಳೆಯಿತು, ಹೇಳಿದೆ. ಅವನು ಪುಟ ತಿರುಗಿಸಿದ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಒಮ್ಮೆ ಆಗಿತ್ತು, ಮಧ್ಯಾಹ್ನ, ಬೇರೆ ಏನೂ ಓಡುತ್ತಿರಲಿಲ್ಲ.

ಅದೊಂದು ಸಲ ನನ್ನ ಲೆಕ್ಕಕ್ಕೆ ಕೂರುವುದಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಅವನು ನನ್ನ ಹಳೆಯ ಮೀಟರನ್ನು ಒಯ್ಯುತ್ತಾನೆ. ಪ್ರತಿ ಹಾಡು ಮುಗಿದ ಮೇಲೆ ಸ್ಟೆಪ್‌ಡೌನಿನ ಖಾಲಿ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟಿದೆಯೆಂದು ನೋಡಿ ಬರೆದಿಡಬೇಕು. ಬರೆಯಲು ಅವನಿಗೇನೂ ಅಡ್ಡಿಯಿಲ್ಲ. ಹಾಡಿನ ನಡುವೆ ಬಗ್ಗಿ ಮೀಟರು ನೋಡುವ ಗಿಟಾರಿಸ್ಟನ್ನು ಕಂಡು ಡ್ರಮ್ಮರ್ ನಗುತ್ತಾನೆ ಎಂಬುದೇ ಅವನ ಚಿಂತೆ.